ಅಭಿಮತ ಸಂಗ್ರಹ: ಕಾಲೇಜಿನ ಉನ್ನತ ಶಿಕ್ಷಣ ಯೋಜನೆಯಲ್ಲಿ ಅದರ ಸ್ಥಾನ

೧

ಒಂದು ಕಾಲೇಜು ತನ್ನ ಭವಿಷ್ಯವನ್ನು ಕುರಿತು ಆಲೋಚಿಸುವಾಗ, ಅಲ್ಲಿ ಪಾಠ ಹೇಳುವವರ, ಪ್ರಯೋಗಶಾಲೆಯನ್ನು ನೋಡಿಕೊಳ್ಳುವವರ, ಗ್ರಂಥಾಲಯವನ್ನು ನಡೆಸುವವರ ಹಾಗೂ ಕಚೇರಿಯ ಕಾಗದಪತ್ರಗಳನ್ನು ಇಡುವವರ ಅಭಿಪ್ರಾಯವನ್ನು ಕೇಳಬೇಕೆಂಬ ಮಾತಿಗೆ ಇಂದು ಯಾರೂ ಎದುರಾಡುವುದಿಲ್ಲ. ಆದರೆ ಕೇಳುವುದೆಂದರೇನು, ಎಂದು ಕೇಳಬೇಕು, ಕೇಳಿದ ಮೇಲೆ ಏನು ಮಾಡಬೇಕು ಎಂಬ ವಿಷಯಗಳಲ್ಲಿ ಸ್ಪಷ್ಟತೆ ಸಾಲದು. ಸಮ್ಮತಿಯನ್ನು ಪಡೆಯುವುದು ಬೇರೆ, ಅಭಿಮತವನ್ನು ಸಂಗ್ರಹಿಸುವುದು ಬೇರೆ. ನಿರ್ಧಾರವಾದ ಮೇಲೆ ಕೇಳಿದರೆ ದೊರೆಯುವುದು ಸಮ್ಮತಿ ಅಥವಾ ಅಸಮ್ಮತಿ ಮಾತ್ರ. ನಿರ್ಧಾರಕ್ಕೆ ಮೊದಲು ಕೇಳಿದರೆ ದೊರೆಯುವುದು ತಿಳಿವಳಿಕೆ. ಈ ಎರಡನ್ನೂ ಒಂದೆಂದು ಭಾವಿಸಿದುದರಿಂದಲೇ ಅನೇಕ ಒಳ್ಳೆಯ ಯೋಜನೆಗಳು ಕಾಗದದಲ್ಲಿ ಉಳಿದಿವೆ.

ಈ ಪ್ರಶ್ನೆಗೆ ಇಂದು ವಿಶೇಷ ಪ್ರಾಮುಖ್ಯ ಬಂದಿರುವುದಕ್ಕೆ ಕಾರಣವುಂಟು. ಬಹುಕಾಲದವರೆಗೆ ಭಾರತದ ಸಂಯೋಜಿತ ಕಾಲೇಜಿಗೆ ಸ್ವಂತದ್ದೆನ್ನಬಹುದಾದ ಶೈಕ್ಷಣಿಕ ಯೋಜನೆಯೇ ಇರಲಿಲ್ಲವೆನ್ನಬಹುದು. ಪಠ್ಯವನ್ನು ಗೊತ್ತುಮಾಡುವುದು, ಪರೀಕ್ಷೆ ನಡೆಸುವುದು, ಪದವಿ ಕೊಡುವುದು, ಇವೆಲ್ಲ ವಿಶ್ವವಿದ್ಯಾನಿಲಯದ ಕಾರ್ಯಗಳಾಗಿದ್ದುವು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಂಯೋಜನ ಪದ್ಧತಿಯನ್ನು ೧೫ ವರ್ಷಗಳ ಅವಧಿಯಲ್ಲಿ ಹಂತಹಂತವಾಗಿ ಕೊನೆಗಾಣಿಸಬೇಕೆಂದು ಹೇಳಿತು. ಪ್ರತಿಯೊಂದು ಸಂಸ್ಥೆಯೂ ಒಂದು ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕೆಂದೂ, ಆಡಳಿತ ಮಂಡಲಿಯವರು, ಸಂಸ್ಥೆಯ ಮುಖ್ಯಸ್ಥರು, ಅಧ್ಯಾಪಕರು, ವಿದ್ಯಾರ್ಥಿಗಳು ಮತ್ತು ಇತರ ಸಿಬ್ಬಂದಿ ಕೂಡಿಯೇ ಅದನ್ನು ರಚಿಸಬೇಕೆಂದೂ ಅದೇ ನೀತಿ ವಿಧಿಸಿದೆ. ೨೦೨೪ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಇಂತಹ ಯೋಜನೆಗಳಿಗಾಗಿ ಮಾರ್ಗದರ್ಶಿ ಸೂತ್ರಗಳನ್ನು ಪ್ರಕಟಿಸಿತು.

ಎಲ್ಲ ರಾಜ್ಯಗಳೂ ಈ ನೀತಿಯನ್ನು ಒಂದೇ ರೀತಿಯಲ್ಲಿ ಸ್ವೀಕರಿಸಿಲ್ಲ. ಕರ್ನಾಟಕವು ೨೦೨೧-೨೨ರಲ್ಲಿ ನಾಲ್ಕು ವರ್ಷಗಳ ಪದವಿಕ್ರಮವನ್ನು ಆರಂಭಿಸಿ, ೨೦೨೪-೨೫ರಿಂದ ಮತ್ತೆ ಮೂರು ವರ್ಷಗಳ ಕ್ರಮಕ್ಕೆ ಮರಳಿತು. ನಾಲ್ಕು ವರ್ಷಗಳೊಳಗೆ ಎರಡು ಸಲ ಪಠ್ಯವನ್ನೂ ವೇಳಾಪಟ್ಟಿಯನ್ನೂ ಬದಲಾಯಿಸಬೇಕಾಗಿ ಬಂದವರು ಅಧ್ಯಾಪಕರು. ಸರ್ಕಾರದ ನೀತಿ ಹೀಗೆ ಬದಲಾಗುತ್ತಿರುವಾಗ, ತನಗೆ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಕಾಲೇಜು ತನ್ನವರಿಂದಲೇ ಅರಿತುಕೊಂಡಿರಬೇಕಾದುದು ಇನ್ನೂ ಹೆಚ್ಚಿನ ಅಗತ್ಯವಾಗುತ್ತದೆ.

೨

ಶಿಕ್ಷಕರ ಅಭಿಪ್ರಾಯವನ್ನು ಕ್ರಮಬದ್ಧವಾಗಿ ಸಂಗ್ರಹಿಸುವ ಪದ್ಧತಿ ಈ ದೇಶಕ್ಕೆ ಹೊಸದಲ್ಲ. ಅದರ ಅತ್ಯುತ್ತಮ ನಿದರ್ಶನವೆಂದರೆ ೧೯೧೭ರಲ್ಲಿ ಮೈಕೇಲ್ ಸ್ಯಾಡ್ಲರ್ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಕಲ್ಕತ್ತಾ ವಿಶ್ವವಿದ್ಯಾನಿಲಯ ಆಯೋಗ. ಮರುವರ್ಷ, ೧೯೧೮ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಮೊದಲನೆಯ ಘಟಿಕೋತ್ಸವ ಭಾಷಣವನ್ನು ಮಾಡಿದ ಆಶುತೋಷ ಮುಖರ್ಜಿಯವರು ಈ ಆಯೋಗದ ಸದಸ್ಯರಲ್ಲೊಬ್ಬರು. ಆಯೋಗವು ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿ ಅಧ್ಯಾಪಕರಿಗೂ ಶಿಕ್ಷಣದಲ್ಲಿ ಆಸಕ್ತಿಯುಳ್ಳ ಇತರರಿಗೂ ಕಳುಹಿಸಿತು. ೧೯೧೯ರಲ್ಲಿ ಹೊರಬಂದ ಅದರ ವರದಿ ೧೩ ಸಂಪುಟಗಳಷ್ಟು ವಿಸ್ತಾರವಾದುದು.

ಇಲ್ಲಿ ಗಮನಿಸಬೇಕಾದುದು ಸಂಪುಟಗಳ ಸಂಖ್ಯೆಯನ್ನಲ್ಲ, ಅವುಗಳ ವ್ಯವಸ್ಥೆಯನ್ನು. ಬಂದ ಉತ್ತರಗಳನ್ನು ಆಯೋಗವು ಪ್ರಶ್ನೆಯ ಅನುಕ್ರಮದಂತೆ ವಿಂಗಡಿಸಿ, ಉತ್ತರ ಕೊಟ್ಟವರ ಹೆಸರಿನೊಡನೆ ಪ್ರತ್ಯೇಕ ಸಂಪುಟಗಳಲ್ಲಿ ಮುದ್ರಿಸಿತು. ಪ್ರವೇಶಪರೀಕ್ಷೆಯ ಮೇಲಿನ ಹಂತಗಳಲ್ಲೆಲ್ಲ ಬೋಧನೆಯೂ ಪರೀಕ್ಷೆಯೂ ಇಂಗ್ಲಿಷಿನಲ್ಲಿಯೇ ನಡೆಯಬೇಕೆ ಎಂಬುದು ಆ ಪ್ರಶ್ನೆಗಳಲ್ಲೊಂದು. ಅದಕ್ಕೆ ಬಂದ ಉತ್ತರಗಳು ಪರಸ್ಪರ ವಿರುದ್ಧವಾಗಿದ್ದುವು. ಆಯೋಗವು ಪ್ರೌಢಶಾಲೆಗಳಲ್ಲಿ ಮಾತೃಭಾಷೆಗೆ ಹೆಚ್ಚಿನ ಸ್ಥಾನವನ್ನು ಶಿಫಾರಸು ಮಾಡಿ, ವಿಶ್ವವಿದ್ಯಾನಿಲಯದ ಮಟ್ಟದಲ್ಲಿ ಇಂಗ್ಲಿಷನ್ನು ಉಳಿಸಿಕೊಂಡಿತು. ಈ ತೀರ್ಮಾನವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ತೀರ್ಮಾನಕ್ಕೆ ವಿರುದ್ಧವಾಗಿ ನುಡಿದವರ ಮಾತೂ ತೀರ್ಮಾನದ ಪಕ್ಕದಲ್ಲಿಯೇ ಅಚ್ಚಾಗಿದೆಯಾದ್ದರಿಂದ, ಆಯೋಗವು ಯಾರ ಮಾತನ್ನು ತೆಗೆದುಕೊಂಡಿತು, ಯಾರದನ್ನು ಬಿಟ್ಟಿತು ಎಂಬುದನ್ನು ನೂರು ವರ್ಷಗಳ ಅನಂತರವೂ ಪರಿಶೀಲಿಸಬಹುದಾಗಿದೆ.

ಸ್ವಾತಂತ್ರ್ಯದ ಅನಂತರ, ೧೯೬೪-೬೬ರ ಕೊಠಾರಿ ಶಿಕ್ಷಣ ಆಯೋಗವು ಈ ಕಾರ್ಯವನ್ನು ಇನ್ನೂ ವಿಶಾಲವಾಗಿ ನಡೆಸಿತು. ಅದರ ಸದಸ್ಯರು ಸುಮಾರು ೧೦೦ ದಿನಗಳ ಕಾಲ ರಾಜ್ಯಗಳಲ್ಲಿ ಸಂಚರಿಸಿ ೯,೦೦೦ಕ್ಕೂ ಹೆಚ್ಚು ಜನರೊಡನೆ ಮಾತನಾಡಿದರು. ೨,೪೦೦ಕ್ಕೂ ಹೆಚ್ಚು ಲಿಖಿತ ನಿವೇದನೆಗಳನ್ನು ಸ್ವೀಕರಿಸಿದರು. ಆಯೋಗದ ಸದಸ್ಯ-ಕಾರ್ಯದರ್ಶಿಗಳಾಗಿದ್ದ ಜೆ. ಪಿ. ನಾಯಕರು ತಮ್ಮ ತಾರುಣ್ಯದಲ್ಲಿ ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿ ನೆಲಸಿ ಗ್ರಾಮಸೇವೆ ಮಾಡಿದವರು. ಉತ್ತಮ ಕಾಲೇಜುಗಳಿಗೆ ಸ್ವಾಯತ್ತತೆಯನ್ನು ಕೊಡಬೇಕೆಂದು ಈ ಆಯೋಗವು ಸೂಚಿಸಿತು. ಆ ಸೂಚನೆ ೧೯೭೮ರಲ್ಲಿ ಕಾರ್ಯರೂಪಕ್ಕೆ ಬಂದಾಗ, ಮದರಾಸಿನ ಲೊಯೋಲಾ ಕಾಲೇಜು ಮತ್ತು ಮದ್ರಾಸ್ ಕ್ರಿಶ್ಚಿಯನ್ ಕಾಲೇಜುಗಳು ಮೊದಲಿಗೆ ಸ್ವಾಯತ್ತತೆಯನ್ನು ಪಡೆದವುಗಳ ಸಾಲಿನಲ್ಲಿದ್ದುವು.

೩

ಆಯೋಗಗಳು ಕೇಳಿದ್ದು ರಾಷ್ಟ್ರದ ಅಥವಾ ಪ್ರಾಂತದ ಮಟ್ಟದಲ್ಲಿ. ಸಂಸ್ಥೆಯೊಂದರ ಒಳಗೆ ಕೇಳುವ ರೀತಿ ಹೇಗೆ ತಪ್ಪಬಹುದೆಂಬುದಕ್ಕೆ ದೆಹಲಿ ವಿಶ್ವವಿದ್ಯಾನಿಲಯದ ಅನುಭವವು ಒಂದು ಪಾಠವಾಗಿದೆ. ಅಲ್ಲಿ ನಾಲ್ಕು ವರ್ಷಗಳ ಪದವಿಕ್ರಮವನ್ನು ವಿದ್ವತ್ ಪರಿಷತ್ತು ೨೦೧೨ರ ಡಿಸೆಂಬರ್ ತಿಂಗಳಲ್ಲಿ ಅಂಗೀಕರಿಸಿತು; ೨೦೧೩ರ ಜುಲೈಯಲ್ಲಿ ತರಗತಿಗಳು ಆರಂಭವಾದುವು. ಅಧ್ಯಾಪಕರ ಸಂಘವು ಇದನ್ನು ಬಲವಾಗಿ ವಿರೋಧಿಸಿತು. ಚರ್ಚೆಗೂ ಪಠ್ಯರಚನೆಗೂ ಸಾಕಷ್ಟು ಕಾಲ ದೊರೆಯಲಿಲ್ಲವೆಂಬುದು ಆ ವಿರೋಧದ ಪ್ರಧಾನಾಂಶಗಳಲ್ಲೊಂದು. ೨೦೧೪ರ ಜೂನ್ ತಿಂಗಳಲ್ಲಿ, ಧನಸಹಾಯ ಆಯೋಗದ ಆದೇಶವನ್ನನುಸರಿಸಿ, ಆ ಕ್ರಮವನ್ನು ಹಿಂತೆಗೆದುಕೊಳ್ಳಲಾಯಿತು. ಒಂದು ವರ್ಷದ ವಿದ್ಯಾರ್ಥಿಗಳೆಲ್ಲರೂ ಮಧ್ಯದಲ್ಲಿ ಹಾದಿ ಬದಲಿಸಬೇಕಾಯಿತು. ೨೦೨೨ರಲ್ಲಿ ಅದೇ ವಿಶ್ವವಿದ್ಯಾನಿಲಯದಲ್ಲಿ, ಹೊಸ ಶಿಕ್ಷಣ ನೀತಿಯ ಪ್ರಕಾರ, ನಾಲ್ಕು ವರ್ಷಗಳ ಕ್ರಮವು ಬೇರೆ ರೂಪದಲ್ಲಿ ಮರಳಿ ಬಂದಿತು.

೨೦೧೪ರ ಹಿಂತೆಗೆತಕ್ಕೆ ಕಾರಣಗಳು ಹಲವು. ಅಧ್ಯಾಪಕರ ಅಸಮಾಧಾನವೊಂದೇ ಕಾರಣವಲ್ಲ. ನಾಲ್ಕು ವರ್ಷಗಳ ಪದವಿ ಒಳ್ಳೆಯದೋ ಕೆಟ್ಟದ್ದೋ ಎಂಬುದೂ ಪ್ರಕೃತ ವಿಚಾರವಲ್ಲ. ವಿಧಿಬದ್ಧವಾದ ಸಭೆಯ ಅಂಗೀಕಾರ ದೊರೆತಿದ್ದರೂ, ತರಗತಿಯಲ್ಲಿ ಅದನ್ನು ನಡೆಸಬೇಕಾದವರ ಮನಸ್ಸು ಅದರೊಡನೆ ಇರಲಿಲ್ಲವೆಂಬುದೇ ಇಲ್ಲಿ ಮುಖ್ಯ. ನಿರ್ಣಯಕ್ಕೂ ಆರಂಭಕ್ಕೂ ನಡುವೆ ಇದ್ದುದು ಏಳು ತಿಂಗಳು. ಅಷ್ಟರಲ್ಲಿ ಅಧ್ಯಾಪಕರ ಅನುಭವವನ್ನು ಕೇಳಿ, ಅದರಂತೆ ಯೋಜನೆಯನ್ನು ತಿದ್ದಿ, ಪಠ್ಯಗಳನ್ನು ಬರೆಯುವುದು ಎಷ್ಟು ದೊಡ್ಡ ವಿಶ್ವವಿದ್ಯಾನಿಲಯಕ್ಕಾದರೂ ಕಷ್ಟಸಾಧ್ಯವೇ ಸರಿ.

೪

ಇಂದಿನ ಕಾಲೇಜುಗಳಲ್ಲಿ ಅಧ್ಯಾಪಕರಿಗೆ ಅಧಿಕೃತ ಸ್ಥಾನವಿಲ್ಲದೆ ಇಲ್ಲ. ಮಾನ್ಯತೆಯನ್ನು ಕೊಡುವ ನ್ಯಾಕ್ ಪರಿಷತ್ತಿನ ವಿಧಿಯಂತೆ ಪ್ರತಿ ಕಾಲೇಜಿನಲ್ಲೂ ಆಂತರಿಕ ಗುಣಮಟ್ಟ ಭರವಸಾ ಕೋಶವಿರಬೇಕು; ಪ್ರಾಂಶುಪಾಲರ ಅಧ್ಯಕ್ಷತೆಯ ಈ ಕೋಶದಲ್ಲಿ ಮೂರರಿಂದ ಎಂಟು ಮಂದಿ ಅಧ್ಯಾಪಕರು ಇರಬೇಕು; ಕನಿಷ್ಠಪಕ್ಷ ಮೂರು ತಿಂಗಳಿಗೊಮ್ಮೆ ಅದು ಸೇರಬೇಕು. ಸ್ವಾಯತ್ತ ಕಾಲೇಜಿನ ವಿದ್ವತ್ ಪರಿಷತ್ತಿನಲ್ಲಿ ಎಲ್ಲ ವಿಭಾಗಗಳ ಮುಖ್ಯಸ್ಥರೂ, ಅವರಲ್ಲದೆ ಸೇವಾಜ್ಯೇಷ್ಠತೆಯಂತೆ ಸರದಿಯ ಮೇಲೆ ಬರುವ ನಾಲ್ವರು ಅಧ್ಯಾಪಕರೂ ಸದಸ್ಯರಾಗಿರುತ್ತಾರೆ.

ಈ ವ್ಯವಸ್ಥೆಯ ಗುಣವೂ ದೋಷವೂ ಒಂದೇ ಮೂಲದಿಂದ ಬಂದುವು, ಅದು ಜ್ಯೇಷ್ಠತೆ. ಇಪ್ಪತ್ತೈದು ವರ್ಷ ಪಾಠ ಹೇಳಿದವರ ಅನುಭವಕ್ಕೆ ಬೆಲೆಯುಂಟು. ಆದರೆ ಹತ್ತು ವರ್ಷಗಳ ಯೋಜನೆಯನ್ನು ರಚಿಸುವ ಕೋಣೆಯಲ್ಲಿ ಐದು ವರ್ಷಗಳೊಳಗೆ ನಿವೃತ್ತರಾಗುವವರೇ ಹೆಚ್ಚಾಗಿದ್ದರೆ, ಯೋಜನೆಯ ಭಾರವನ್ನು ಹೊರಬೇಕಾದವರು ಬಾಗಿಲ ಹೊರಗೆ ಉಳಿಯುತ್ತಾರೆ. ಕರ್ನಾಟಕದಲ್ಲಿ ಅತಿಥಿ ಉಪನ್ಯಾಸಕರೆಂದೂ, ಮಹಾರಾಷ್ಟ್ರದಲ್ಲಿ ಗಂಟೆಯ ಲೆಕ್ಕದ ಅಧ್ಯಾಪಕರೆಂದೂ, ದೆಹಲಿಯಲ್ಲಿ ಅಡ್-ಹಾಕ್ ಎಂದೂ ಕರೆಯಲ್ಪಟ್ಟವರು ಅನೇಕ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಭಾಗವನ್ನು ನಡೆಸಿಕೊಂಡು ಬಂದಿದ್ದಾರೆ. ಜ್ಯೇಷ್ಠತೆಯ ಪಟ್ಟಿಯಲ್ಲಿ ಇವರ ಹೆಸರಿಲ್ಲ. ಆದ್ದರಿಂದ ಸಭೆಯಲ್ಲಿಯೂ ಇಲ್ಲ. ಪ್ರಥಮ ವರ್ಷದ ವಿದ್ಯಾರ್ಥಿಗೆ ಏನು ಅರ್ಥವಾಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ಪ್ರತಿದಿನವೂ ಕಾಣುವವರು ಇವರೇ. ಅಭಿಮತ ಸಂಗ್ರಹದ ನಿಜವಾದ ಪ್ರಯೋಜನವು ಇಂತಹವರ ವಿಷಯದಲ್ಲಿ ಕಂಡುಬರುತ್ತದೆ. ಸಭೆಯಲ್ಲಿ ಆಸನವುಳ್ಳವರನ್ನು ಮತ್ತೆ ಕೇಳುವುದರಿಂದ ಹೊಸದಾಗಿ ತಿಳಿಯುವುದು ಸ್ವಲ್ಪ.

೫

ಹೇಗೆ ಕೇಳಬೇಕೆಂಬುದನ್ನು ಇನ್ನು ನೋಡಬಹುದು. ಮೊದಲನೆಯದು ಪ್ರಶ್ನೆಯ ರೂಪ. “ನಮ್ಮ ಕಾಲೇಜು ಕಾಲಕ್ಕೆ ತಕ್ಕ ಹೊಸ ವ್ಯಾಸಂಗಗಳನ್ನು ಆರಂಭಿಸಬೇಕೆ?” ಎಂದು ಕೇಳಿದರೆ, ಬೇಡವೆನ್ನುವವರು ಯಾರು? ಇಂತಹ ಪ್ರಶ್ನೆಗೆ ನೂರಕ್ಕೆ ತೊಂಬತ್ತು ಮಂದಿ ಹೌದೆಂದರೂ ಅದರಿಂದ ಯೋಜನೆಗೆ ಒಂದು ಸಾಲೂ ಸೇರುವುದಿಲ್ಲ. “ಮುಂದಿನ ಐದು ವರ್ಷಗಳಲ್ಲಿ ಎರಡೇ ಹೊಸ ವ್ಯಾಸಂಗಗಳನ್ನು ಆರಂಭಿಸಲು ಹಣವಿದ್ದರೆ ಅವು ಯಾವುವಿರಬೇಕು? ಅವುಗಳಿಗೆ ಬೇಕಾಗುವ ಬೋಧನಾವಧಿಯನ್ನು ಈಗಿನ ಯಾವ ಕೆಲಸದಿಂದ ಉಳಿಸಬಹುದು?” ಎಂದು ಕೇಳಿದಾಗ ಉತ್ತರಿಸುವವನು ಆಯ್ಕೆ ಮಾಡಲೇಬೇಕಾಗುತ್ತದೆ. ಯೋಜನೆ ಎಂದರೆ ಆಯ್ಕೆಯೇ ಆದುದರಿಂದ, ಆಯ್ಕೆಯನ್ನು ಕೇಳದ ಪ್ರಶ್ನೆ ಯೋಜನೆಗೆ ಸಲ್ಲದು.

ಎರಡನೆಯದು, ಬರೆಹ ಮತ್ತು ಮಾತುಗಳ ವ್ಯತ್ಯಾಸ. ಅಮೆರಿಕದ ಷಿಕಾಗೋ ನಗರದ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ೧೯೨೮ರಿಂದ ೧೯೩೦ರವರೆಗೆ ಸುಮಾರು ೨೧,೦೦೦ ನೌಕರರನ್ನು ಸಂದರ್ಶಿಸಲಾಯಿತು. ಮೊದಲು ಗೊತ್ತಾದ ಪ್ರಶ್ನೆಗಳನ್ನು ಕೇಳುತ್ತಿದ್ದರು. ನೌಕರರು ಪ್ರಶ್ನೆಯನ್ನು ಬಿಟ್ಟು ತಮಗೆ ಮುಖ್ಯವೆನಿಸಿದ ವಿಷಯಕ್ಕೆ ಹೋಗುತ್ತಿದ್ದುದನ್ನು ಕಂಡು, ಅವರನ್ನೇ ಮಾತನಾಡಬಿಟ್ಟು ಕೇಳುವ ಕ್ರಮಕ್ಕೆ ಬದಲಾದರು. ಅರ್ಧ ಗಂಟೆಯ ಸಂದರ್ಶನ ಒಂದೂವರೆ ಗಂಟೆಗೆ ಬೆಳೆಯಿತು. ತಿಳಿದುಬಂದ ವಿಷಯವೂ ಹೆಚ್ಚಾಯಿತು. ಕಾಲೇಜಿನಲ್ಲಿ ಪ್ರಯೋಗಶಾಲೆಯ ಸಹಾಯಕರು, ಜವಾನರು, ಗ್ರಂಥಾಲಯದ ಕೆಳಹಂತದ ನೌಕರರು ಇಂಗ್ಲಿಷಿನ ಅಚ್ಚಿನ ನಮೂನೆಯನ್ನು ತುಂಬಿ ಕೊಡುವರೆಂದು ನಿರೀಕ್ಷಿಸುವುದು ಸರಿಯಲ್ಲ. ಮುಂಬಯಿಯಲ್ಲಿ ಮರಾಠಿ, ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು, ಹೀಗೆ ಅವರವರ ಮಾತಿನಲ್ಲಿ ಕುಳಿತು ಕೇಳಬೇಕು. ಯಾವ ಉಪಕರಣ ಎರಡು ವರ್ಷಗಳಿಂದ ಕೆಟ್ಟು ನಿಂತಿದೆ, ಯಾವ ಪುಸ್ತಕವನ್ನು ಯಾರೂ ಕೇಳುವುದಿಲ್ಲ ಎಂಬ ಸಂಗತಿಗಳು ಬೇರೆಲ್ಲಿಯೂ ದೊರೆಯವು.

ಮೂರನೆಯದು, ನಿರ್ಭೀತಿ. ಮುಂದಿನ ವರ್ಷದ ನೇಮಕ ಯಾರ ಕೈಯಲ್ಲಿದೆಯೋ ಅವರ ಮೇಜಿಗೆ ಹೋಗುವ ಉತ್ತರಪತ್ರದಲ್ಲಿ ತಾತ್ಕಾಲಿಕ ಅಧ್ಯಾಪಕನು ನಿಜವನ್ನು ಬರೆಯಲಾರನು. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ೧೯೫೦ರ ದಶಕದಲ್ಲಿ ರೂಪುಗೊಂಡ ‘ಡೆಲ್ಫಿ’ ಎಂಬ ವಿಧಾನವು ಇದಕ್ಕೆ ಒಂದು ಮಾರ್ಗವನ್ನು ತೋರಿಸುತ್ತದೆ. ಅದರಲ್ಲಿ ಉತ್ತರಗಳು ಹೆಸರಿಲ್ಲದೆ ಬರುತ್ತವೆ; ಅವುಗಳ ಸಾರಾಂಶವನ್ನು ಎಲ್ಲರಿಗೂ ಕಳುಹಿಸಿ, ಅದನ್ನು ಓದಿದ ಮೇಲೆ ಮತ್ತೊಮ್ಮೆ ಅಭಿಪ್ರಾಯ ಕೇಳಲಾಗುತ್ತದೆ. ಹುದ್ದೆಯ ತೂಕವಿಲ್ಲದೆ ಕಾರಣದ ತೂಕದಿಂದ ಮಾತು ಮುಂದುವರಿಯುವುದು ಇದರ ಗುಣ.

೬

ಬಂದ ಉತ್ತರಗಳನ್ನು ಎಣಿಸುವಲ್ಲಿಯೂ ಎಚ್ಚರಿಕೆ ಬೇಕು. ಉದಾಹರಣೆಗಾಗಿ ೬೦ ಅಧ್ಯಾಪಕರ ಒಂದು ಕಾಲೇಜನ್ನು ಕಲ್ಪಿಸಿಕೊಳ್ಳಬಹುದು: ೨೫ ಮಂದಿ ಖಾಯಂ, ೩೫ ಮಂದಿ ತಾತ್ಕಾಲಿಕ. ಸಂಜೆಯ ತರಗತಿಗಳನ್ನು ಆರಂಭಿಸಬೇಕೆ ಎಂಬ ಪ್ರಶ್ನೆಗೆ ೩೦ ಉತ್ತರಗಳು ಬಂದುವೆಂದೂ, ಅವುಗಳಲ್ಲಿ ೨೦ ಅನುಕೂಲವಾಗಿದ್ದುವೆಂದೂ ಇಟ್ಟುಕೊಳ್ಳೋಣ. “ಮೂರರಲ್ಲಿ ಎರಡು ಭಾಗದ ಬೆಂಬಲ” ಎಂದು ವರದಿಯಲ್ಲಿ ಬರೆಯಲು ಇಷ್ಟು ಸಾಕೆಂದು ತೋರಬಹುದು. ಆದರೆ ಉತ್ತರ ಕೊಟ್ಟವರು ಯಾರು? ಖಾಯಂ ಅಧ್ಯಾಪಕರು ೨೨, ತಾತ್ಕಾಲಿಕರು ೮. ಖಾಯಂ ೨೨ರಲ್ಲಿ ೧೮ ಮಂದಿಯೂ, ತಾತ್ಕಾಲಿಕ ೮ರಲ್ಲಿ ೨ ಮಂದಿ ಮಾತ್ರವೂ ಅನುಕೂಲ. ಉತ್ತರ ಕೊಡದವರ ಅಭಿಪ್ರಾಯವೂ ಅವರವರ ವರ್ಗದವರಂತೆಯೇ ಇರುವುದಾದರೆ, ೨೫ ಖಾಯಂ ಅಧ್ಯಾಪಕರಲ್ಲಿ ಸುಮಾರು ೨೦, ೩೫ ತಾತ್ಕಾಲಿಕರಲ್ಲಿ ಸುಮಾರು ೯, ಒಟ್ಟು ೬೦ಕ್ಕೆ ೨೯ ಮಂದಿ ಮಾತ್ರ ಅನುಕೂಲವೆಂದಾಗುತ್ತದೆ. ಮೂರರಲ್ಲಿ ಎರಡು ಭಾಗವೆಂದು ಕಂಡುದು ಅರ್ಧಕ್ಕಿಂತ ಕಡಿಮೆಯಾಯಿತು. ಸಂಜೆಯ ತರಗತಿಗಳನ್ನು ತೆಗೆದುಕೊಳ್ಳಬೇಕಾದವರು ಬಹುಶಃ ಆ ತಾತ್ಕಾಲಿಕರೇ ಆಗಿರುವುದರಿಂದ ಈ ವ್ಯತ್ಯಾಸ ಅಲ್ಪವಾದುದಲ್ಲ.

ಎಂಟೇ ಉತ್ತರಗಳಿಂದ ಮೂವತ್ತೈದು ಮಂದಿಯ ಮನಸ್ಸನ್ನು ನಿಶ್ಚಯಿಸುವುದೂ ಸಾಧುವಲ್ಲ. ಈ ಲೆಕ್ಕದಿಂದ ಸಿದ್ಧವಾಗುವುದು ಇಷ್ಟೇ: ಬೆಂಬಲವಿದೆಯೆಂದು ಹೇಳಲು ಆಧಾರ ಸಾಲದು, ಉಳಿದ ಇಪ್ಪತ್ತೇಳು ತಾತ್ಕಾಲಿಕ ಅಧ್ಯಾಪಕರನ್ನು ಹುಡುಕಿ ಕೇಳಬೇಕು. ಬಾರದ ಉತ್ತರವೂ ಒಂದು ಉತ್ತರವೇ ಎಂಬುದನ್ನು ಮರೆಯಬಾರದು.

ಎಣಿಕೆಯಿಂದ ಎಂದಿಗೂ ನ್ಯಾಯ ದೊರೆಯದ ಒಂದು ಸನ್ನಿವೇಶವೂ ಇದೆ. ಹೊರನಾಡಿನ ಕನ್ನಡಿಗರಿಗೆ ಅದು ಹತ್ತಿರದ್ದು. ಕರ್ನಾಟಕದ ಹೊರಗಿನ ಕಾಲೇಜೊಂದರಲ್ಲಿ ಕನ್ನಡವನ್ನು ಕಲಿಸುವವರು ಒಬ್ಬರೇ ಇರುವುದುಂಟು. ಅರವತ್ತರಲ್ಲಿ ಒಂದು ಮತವೆಂದರೆ ನೂರಕ್ಕೆ ಎರಡಕ್ಕೂ ಕಡಿಮೆ. ಕೋಷ್ಟಕದಲ್ಲಿ ಅದು ‘ಇತರ’ ಎಂಬ ಕಲಮಿನೊಳಗೆ ಸೇರಿಹೋಗುತ್ತದೆ. ಆ ಒಬ್ಬರು ನಿವೃತ್ತರಾದ ಮೇಲೆ ಆ ಸ್ಥಾನವನ್ನು ತುಂಬದೆ ಬಿಟ್ಟರೆ ವಿಭಾಗವೇ ಮುಚ್ಚಿದಂತೆ. ಯಾರೂ ಅದನ್ನು ಮುಚ್ಚಲು ನಿರ್ಣಯಿಸಿರುವುದಿಲ್ಲ; ಯೋಜನೆಯಲ್ಲಿ ಅದರ ಹೆಸರು ಬಾರದಿದ್ದುದರಿಂದ ಅದು ತಾನಾಗಿಯೇ ಇಲ್ಲವಾಗುತ್ತದೆ. ಸಂಸ್ಕೃತ, ಉರ್ದು, ತತ್ತ್ವಶಾಸ್ತ್ರ ಮೊದಲಾದ ಸಣ್ಣ ವಿಭಾಗಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ಹೆಸರನ್ನು ಗುಪ್ತವಾಗಿಡುವ ನಿಯಮವೂ ಇಲ್ಲಿ ನಿಲ್ಲುವುದಿಲ್ಲ. ವಿಭಾಗವಾರು ಫಲಿತಾಂಶವನ್ನು ಪ್ರಕಟಿಸಿದರೆ ಒಬ್ಬರೇ ಇರುವ ವಿಭಾಗದ ಉತ್ತರ ಯಾರದೆಂದು ಎಲ್ಲರಿಗೂ ತಿಳಿಯುತ್ತದೆ. ಐದಕ್ಕಿಂತ ಕಡಿಮೆ ಜನರಿರುವ ಗುಂಪಿನ ಫಲಿತಾಂಶವನ್ನು ಪ್ರತ್ಯೇಕವಾಗಿ ತೋರಿಸದಿರುವುದು ಒಳ್ಳೆಯ ಪದ್ಧತಿ. ಆದರೆ ಅದರಿಂದ ಆ ವಿಭಾಗದ ಮಾತೇ ಮರೆಯಾಗುತ್ತದೆ. ಆದುದರಿಂದ ಇಂತಹ ವಿಭಾಗಗಳಿಗೆ ಪ್ರಶ್ನಾವಳಿಯ ಜೊತೆಗೆ ಲಿಖಿತ ನಿವೇದನೆಯನ್ನು ಸಲ್ಲಿಸುವ ಹಕ್ಕನ್ನೂ, ಅದನ್ನು ವಿದ್ವತ್ ಪರಿಷತ್ತಿನ ಮುಂದೆ ಪೂರ್ಣವಾಗಿ ಓದುವ ವ್ಯವಸ್ಥೆಯನ್ನೂ ಮಾಡಿಕೊಡುವುದು ಯುಕ್ತ. ವಿದ್ಯಾರ್ಥಿಗಳ ಸಂಖ್ಯೆ, ಗ್ರಂಥಾಲಯದಲ್ಲಿರುವ ಆ ಭಾಷೆಯ ಪುಸ್ತಕಗಳು, ಊರಿನಲ್ಲಿ ಆ ಭಾಷೆಯನ್ನಾಡುವವರ ಸಂಘಗಳಿಂದ ದೊರೆಯಬಹುದಾದ ನೆರವು, ಇವನ್ನೆಲ್ಲ ಅಂತಹ ನಿವೇದನೆ ಒಳಗೊಂಡಿರಬೇಕು. ಕನ್ನಡ ಸಂಘಗಳು ಭಾವಾವೇಶದ ಮನವಿಗಿಂತ ಇಂತಹ ವಿವರಗಳನ್ನು ಒದಗಿಸುವುದರಿಂದ ಹೆಚ್ಚಿನ ಸಹಾಯ ಮಾಡಬಲ್ಲುವು.

೭

ಕೊನೆಯದಾಗಿ, ಕೇಳಿದ ಮೇಲೆ ಒಪ್ಪಿಸಬೇಕಾದ ಲೆಕ್ಕ. ಠೇವಣಿಯನ್ನು ಸ್ವೀಕರಿಸಿದವರು ಅದರ ಜಮಾಖರ್ಚನ್ನು ತೋರಿಸುವಂತೆ, ಅಭಿಪ್ರಾಯವನ್ನು ಸ್ವೀಕರಿಸಿದ ಸಂಸ್ಥೆಯೂ ಅದನ್ನು ಏನು ಮಾಡಿತೆಂಬುದನ್ನು ತೋರಿಸಬೇಕು. ಇದಕ್ಕೆ ಸರಳವಾದ ಕ್ರಮವೆಂದರೆ ಬಂದ ಸಲಹೆಗಳನ್ನೆಲ್ಲ ನಾಲ್ಕು ಭಾಗವಾಗಿ ವಿಂಗಡಿಸಿ ಪ್ರಕಟಿಸುವುದು: ಸ್ವೀಕರಿಸಿದವು, ತಿದ್ದಿ ಸ್ವೀಕರಿಸಿದವು, ಹಣ ಅಥವಾ ಅಧಿಕಾರದ ಅಭಾವದಿಂದ ಮುಂದೂಡಿದವು, ನಿರಾಕರಿಸಿದವು. ಕೊನೆಯ ಎರಡು ಭಾಗಗಳಲ್ಲಿ ಪ್ರತಿಯೊಂದರ ಎದುರಿಗೂ ಕಾರಣವನ್ನು ಒಂದೆರಡು ವಾಕ್ಯಗಳಲ್ಲಿ ಬರೆಯಬೇಕು. ಸಲಹೆ ನಿರಾಕೃತವಾದುದಕ್ಕೆ ಮನುಷ್ಯನಿಗೆ ಆಗುವ ಖೇದಕ್ಕಿಂತ, ಅದನ್ನು ಓದಿದರೋ ಇಲ್ಲವೋ ಎಂಬುದು ತಿಳಿಯದಿರುವುದರಿಂದ ಆಗುವ ಖೇದ ದೊಡ್ಡದು. ಒಮ್ಮೆ ಹೀಗಾದರೆ ಮುಂದಿನ ಸಲ ಉತ್ತರಪತ್ರಗಳು ಬರುವುದಿಲ್ಲ. ಬಂದರೂ ಅವುಗಳಲ್ಲಿ ವಿಷಯವಿರುವುದಿಲ್ಲ.

ಇದಕ್ಕೆಲ್ಲ ಕಾಲ ಹಿಡಿಯುತ್ತದೆಂಬ ಆಕ್ಷೇಪಣೆ ನಿಜವೇ. ಪ್ರಶ್ನೆಗಳನ್ನು ರಚಿಸಿ, ಉತ್ತರಗಳನ್ನು ಪಡೆದು, ಸಾರಾಂಶವನ್ನು ಹಂಚಿ, ಮತ್ತೊಮ್ಮೆ ಕೇಳಿ, ಕರಡನ್ನು ಚರ್ಚಿಸಿ ಮುಗಿಸಲು ಒಂದು ಶೈಕ್ಷಣಿಕ ವರ್ಷವಾದರೂ ಬೇಕು. ಪರೀಕ್ಷೆಯ ತಿಂಗಳುಗಳನ್ನು ಬಿಟ್ಟು ಅದನ್ನು ಹೊಂದಿಸಿಕೊಳ್ಳಬೇಕು. ಎಲ್ಲರನ್ನೂ ಕೇಳಿದ ಮಾತ್ರಕ್ಕೆ ಎಲ್ಲರೂ ಒಪ್ಪುವ ಯೋಜನೆ ಹೊರಡುವುದೂ ಇಲ್ಲ. ಕೊನೆಗೆ ನಿರ್ಧರಿಸುವ ಹೊಣೆ ಆಡಳಿತ ಮಂಡಲಿಯದೂ ಪ್ರಾಂಶುಪಾಲರದೂ ಆಗಿಯೇ ಉಳಿಯುತ್ತದೆ. ಅಭಿಮತ ಸಂಗ್ರಹದಿಂದ ಆ ಹೊಣೆ ಕಡಿಮೆಯಾಗದು. ಆದರೆ ಯಾವ ನಿರ್ಧಾರದಿಂದ ಯಾರಿಗೆ ಏನಾಗುತ್ತದೆಂಬುದನ್ನು ಅರಿತು ನಿರ್ಧರಿಸಿದಂತಾಗುತ್ತದೆ. ನಿರ್ಧಾರವನ್ನು ಒಪ್ಪದವನಿಗೂ ತನ್ನ ಮಾತು ದಾಖಲೆಯಲ್ಲಿದೆಯೆಂಬ ಭರವಸೆ ಇರುತ್ತದೆ. ಕಲ್ಕತ್ತಾ ಆಯೋಗವು ಒಂದು ಇಡೀ ಪ್ರಾಂತಕ್ಕಾಗಿ ಮಾಡಿದ ಈ ಕೆಲಸವನ್ನು ಅರವತ್ತು ಅಧ್ಯಾಪಕರ ಒಂದು ಕಾಲೇಜು ತನ್ನ ಮಟ್ಟಿಗೆ ಮಾಡಿಕೊಳ್ಳುವುದು ಅಸಾಧ್ಯವಾದುದೇನೂ ಅಲ್ಲ.